ರೂಟೀನ್‌ಗಳಲ್ಲಿ ಸಿಗಲಿಲ್ಲ ಎಂದರೆ ಆಸ್ಪತ್ರೆಯ ವ್ಯವಸ್ಥೆಯಲ್ಲಿ ಇಲ್ಲ ಎಂದಲ್ಲ

ಮಾನ್ಯ ಸಂಪಾದಕರೇ,

ಹಳೆಯ ಆಸ್ಪತ್ರೆ ತಂತ್ರಾಂಶವನ್ನು ತಿದ್ದುವ ಅಥವಾ ಹೊಸದಕ್ಕೆ ಸಾಗಿಸುವ ಮಾತು ಬಂದಾಗಲೆಲ್ಲ "ಕೋಡ್ ಪೂರ್ತಿ ಜಾಲಾಡಿದ್ದೇವೆ, ಇನ್ನೆಲ್ಲೂ ಉಳಿದಿಲ್ಲ" ಎಂಬ ಭರವಸೆಯೊಂದು ಕಡತದಲ್ಲಿ ಸೇರಿಕೊಳ್ಳುತ್ತದೆ. ಮಂಪ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ವ್ಯವಸ್ಥೆಗಳ ಮಟ್ಟಿಗೆ ಆ ಭರವಸೆಯನ್ನು ಯಾರೂ ಹಾಗೇ ಒಪ್ಪಿಕೊಳ್ಳಬಾರದು. ಅಮೆರಿಕದ ಆಸ್ಪತ್ರೆಗಳ ಇಂಥ ಕೆಲಸ ಬೆಂಗಳೂರಿನ ಕಚೇರಿಗಳಲ್ಲೂ ನಡೆಯುವುದರಿಂದ, ಹುಡುಕುವವರಿಗೂ ಹುಡುಕಿಸುವವರಿಗೂ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇವೆ.

ಮಂಪ್ಸ್ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. 1977ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನದಂಡವಾಯಿತು. ಅದರಲ್ಲಿ ಬರೆದ ವ್ಯವಸ್ಥೆಗಳಲ್ಲಿ ಎಲ್ಲರೂ ತೆರೆದು ನೋಡಬಹುದಾದದ್ದು ಅಮೆರಿಕದ ಮಾಜಿ ಯೋಧರ ಇಲಾಖೆಯ ಆಸ್ಪತ್ರೆ ತಂತ್ರಾಂಶವಾದ ವಿಸ್ಟಾ. ಮಾಹಿತಿ ಹಕ್ಕಿನ ಕಾನೂನಿನಡಿ ಅದರ ಮೂಲ ಕೋಡ್ ಸಾರ್ವಜನಿಕವಾಗಿ ಸಿಗುತ್ತದೆ. ನಮ್ಮ ದೇಶದಲ್ಲೂ ದೆಹಲಿಯ ಮ್ಯಾಕ್ಸ್ ಆಸ್ಪತ್ರೆಗಳು ಅದನ್ನು ಆಧರಿಸಿದ ದಾಖಲೆ ವ್ಯವಸ್ಥೆಯನ್ನು ಅಳವಡಿಸಿಕೊಂಡಿದ್ದವು. ವಿಸ್ಟಾದಲ್ಲಿ ಮೂವತ್ತು ಸಾವಿರದ ಆಸುಪಾಸು ರೂಟೀನ್‌ಗಳಿವೆ, ಅಂದರೆ ಹೆಸರಿಟ್ಟ ಕೋಡ್‌ನ ಘಟಕಗಳು. ಒಂದೊಂದೂ ಚಿಕ್ಕದು: ಇಲಾಖೆಯ ನಿಯಮದಂತೆ 20,000 ಬೈಟ್ ಮೀರುವಂತಿಲ್ಲ, ಹೆಸರು ಬಹುಕಾಲ ಎಂಟು ಅಕ್ಷರ ದಾಟುವಂತಿರಲಿಲ್ಲ. ಇಷ್ಟನ್ನೂ ಜಾಲಾಡಲು ಇಂದಿನ ಯಂತ್ರಕ್ಕೆ ಹೆಚ್ಚು ಹೊತ್ತು ಬೇಡ. ಕಷ್ಟವಿರುವುದು ಏನನ್ನು ಹುಡುಕಬೇಕು, ಎಲ್ಲೆಲ್ಲಿ ಹುಡುಕಬೇಕು ಎಂಬುದರಲ್ಲಿ.

ಒಂದೇ ಉದಾಹರಣೆ ಹಿಡಿಯೋಣ. ರೋಗಿಯ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಅಮೆರಿಕದಲ್ಲಿ ವ್ಯಕ್ತಿಗೆ ಕೊಡುವ ಒಂಬತ್ತು ಅಂಕಿಯ ಗುರುತು, ಯಾವ ಪರದೆಯಲ್ಲೂ ಯಾವ ಚೀಟಿಯಲ್ಲೂ ಕಾಣಬಾರದು ಎಂಬ ಆದೇಶ ಬಂದಿದೆ ಎಂದುಕೊಳ್ಳಿ. ನಮ್ಮ ಆಸ್ಪತ್ರೆಗಳಲ್ಲಿ ಆಧಾರ್ ಸಂಖ್ಯೆಯನ್ನು ಮರೆಮಾಡಬೇಕಾದರೂ ಪ್ರಶ್ನೆ ಇದೇ. ಆ ಸಂಖ್ಯೆ ಇರುವುದು ‘^ಡಿಪಿಟಿ’ ಎಂಬ ಗ್ಲೋಬಲ್‌ನಲ್ಲಿ (ಮಂಪ್ಸ್ ದತ್ತಾಂಶವನ್ನು ಡಿಸ್ಕಿನಲ್ಲಿ ಕಾಯ್ದಿಡುವ ರಚನೆ), ರೋಗಿಯ ಸೊನ್ನೆಯ ನೋಡ್‌ನ, ಅಂದರೆ ಸೊನ್ನೆ ಎಂಬ ಗುರುತಿನ ದಾಖಲೆ ಸಾಲಿನ, ಒಂಬತ್ತನೇ ತುಂಡಾಗಿ. ಹಾಗಾದರೆ ‘^ಡಿಪಿಟಿ(’ ಎಂದು ಹುಡುಕಿದರೆ ಆಯಿತಲ್ಲ ಎನ್ನಿಸುತ್ತದೆ.

ಮೊದಲ ಪೆಟ್ಟು ಅಲ್ಲೇ ಬೀಳುತ್ತದೆ. ಮಂಪ್ಸ್ ಓಡಿಸುವ ತಂತ್ರಾಂಶಗಳಾದ ಜಿಟಿಡಾಟ್‌ಎಂ ಅಥವಾ ಯೊಟ್ಟಾಡಿಬಿಯಲ್ಲಿ ಪ್ರತಿ ರೂಟೀನೂ ಲಿನಕ್ಸ್‌ನ ಒಂದು ಸಾದಾ ಫೈಲ್ ಆದ್ದರಿಂದ ಜನ ನೇರವಾಗಿ ಲಿನಕ್ಸ್‌ನ ಪದ ಹುಡುಕುವ ಸಲಕರಣೆಯಾದ ಗ್ರೆಪ್‌ಗೆ ಕೈಹಾಕುತ್ತಾರೆ. ಗ್ರೆಪ್‌ಗೆ ‘^’ ಎಂದರೆ ಸಾಲಿನ ಆರಂಭ. ಮಂಪ್ಸ್‌ಗೆ ಅದು ಗ್ಲೋಬಲ್‌ನ ಅಥವಾ ರೂಟೀನ್‌ನ ಗುರುತು. ಹಾಗಾಗಿ ಗ್ರೆಪ್ ‘ಡಿಪಿಟಿ(’ ಎಂದು ಶುರುವಾಗುವ ಸಾಲುಗಳನ್ನು ಹುಡುಕಿ, ಏನೂ ಸಿಗದೆ, ತಪ್ಪಾಗಿದೆ ಎಂಬ ಸಂದೇಶವನ್ನೂ ಕೊಡದೆ ಸುಮ್ಮನೆ ಮುಗಿಸುತ್ತದೆ. ಮಂಪ್ಸ್‌ನ ಫಂಕ್ಷನ್‌ಗಳ ಹೆಸರಿನ ಮುಂದೆ ಬರುವ ಡಾಲರ್ ಚಿಹ್ನೆಯ ಕಥೆಯೂ ಹೀಗೇ: ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಲಿನಕ್ಸ್‌ನ ಆದೇಶ ಓದುವ ಶೆಲ್ ಅದನ್ನು ತನ್ನ ವೇರಿಯಬಲ್ ಎಂದು ತಿಳಿದು ನುಂಗಿಬಿಡುತ್ತದೆ. ಪದವನ್ನು ಯಾವಾಗಲೂ ಒಂಟಿ ಉದ್ಧರಣ ಚಿಹ್ನೆಯಲ್ಲಿಡಿ, ಅಕ್ಷರಶಃ ಹುಡುಕುವ ದೊಡ್ಡ ‘ಎಫ್’ ಆಯ್ಕೆ ಕೊಡಿ, ಸಾಲಿನ ಸಂಖ್ಯೆಯನ್ನೂ ಕೇಳಿ. ಹುಡುಕಾಟ ಶುರುಮಾಡುವ ಮುನ್ನ, ಖಂಡಿತ ಇದೆ ಎಂದು ಗೊತ್ತಿರುವ ಒಂದು ಸಾಲನ್ನು ಹುಡುಕಿ ಸಲಕರಣೆಯನ್ನೇ ಪರೀಕ್ಷಿಸಿ. ಅದು ಸಿಗದಿದ್ದರೆ ಮುಂದಿನ ಯಾವ ಸೊನ್ನೆಗೂ ಅರ್ಥವಿಲ್ಲ. ಪರ್ಸೆಂಟ್‌ನಿಂದ ಶುರುವಾಗುವ ರೂಟೀನ್‌ನ ಫೈಲ್ ಹೆಸರಿನಲ್ಲಿ ಪರ್ಸೆಂಟ್ ಬದಲು ಅಂಡರ್‌ಸ್ಕೋರ್ ಇರುತ್ತದೆ ಎಂಬುದೂ ನೆನಪಿರಲಿ. ಈ ಗೋಜೇ ಬೇಡವೆಂದರೆ ಮಂಪ್ಸ್ ಒಳಗೇ ‘ಪರ್ಸೆಂಟ್ ಆರ್‌ಎಸ್‌ಇ’ ಎಂಬ ಹುಡುಕುವ ಸಲಕರಣೆ ಇದೆ; ಹುಡುಕುವ ಪದ, ರೂಟೀನ್‌ಗಳ ಆಯ್ಕೆ, ಫಲಿತಾಂಶ ಹೋಗಬೇಕಾದ ಜಾಗ, ಇಷ್ಟನ್ನೇ ಅದು ಕೇಳುತ್ತದೆ.

ಎರಡನೆಯದು ಭಾಷೆಯ ಚುಟುಕುತನ. ‘ಸೆಟ್’ ಎಂಬ ಆದೇಶವನ್ನು ಪೂರ್ತಿ ಬರೆಯಬಹುದು, ಬರೀ ‘ಎಸ್’ ಎಂದೂ ಬರೆಯಬಹುದು, ದೊಡ್ಡಕ್ಷರವಾದರೂ ಸರಿ ಚಿಕ್ಕಕ್ಷರವಾದರೂ ಸರಿ. ಆದೇಶಕ್ಕೆ ಕೋಲನ್ ಹಾಕಿ ಷರತ್ತು ಅಂಟಿಸಬಹುದು. ಒಂದೇ ‘ಡು’ ಆದೇಶಕ್ಕೆ ಅಲ್ಪವಿರಾಮ ಹಾಕುತ್ತ ನಾಲ್ಕು ರೂಟೀನ್‌ಗಳನ್ನು ಕರೆಯಬಹುದು. ಆಗ ಎರಡನೆಯ ಕರೆಯಿಂದಾಚೆಗೆ ‘ಡು’ ಕಾಣುವುದೇ ಇಲ್ಲ. ಆದ್ದರಿಂದ ಆದೇಶವನ್ನು ಸೇರಿಸಿ ಹುಡುಕಬೇಡಿ, ಹೆಸರನ್ನಷ್ಟೇ ಹುಡುಕಿ. ಹಾಗೆ ಹುಡುಕಿದಾಗ ಕೊನೆಗೆ 1, 2 ಎಂದು ಅಂಕಿ ಸೇರಿಸಿಕೊಂಡ ಬೇರೆ ರೂಟೀನ್‌ಗಳೂ ಬಲೆಗೆ ಬೀಳುತ್ತವೆ. ಅವನ್ನು ಆಮೇಲೆ ಕಣ್ಣಿನಿಂದ ಬೇರ್ಪಡಿಸಬಹುದು.

ಇದಕ್ಕಿಂತ ಅಪಾಯದ್ದು ನೇಕೆಡ್ ರೆಫರೆನ್ಸ್. ಕೊನೆಯದಾಗಿ ಮುಟ್ಟಿದ ಗ್ಲೋಬಲ್ ಯಾವುದೆಂದು ಮಂಪ್ಸ್ ನೆನಪಿಟ್ಟುಕೊಳ್ಳುತ್ತದೆ. ರೋಗಿಯ ಸೊನ್ನೆಯ ನೋಡ್ ಓದಿದ ಮೇಲೆ ಬರೀ ‘^(.11)’ ಎಂದರೆ ಸಾಕು, ಅದೇ ರೋಗಿಯ ವಿಳಾಸದ ನೋಡ್ ಬರುತ್ತದೆ. ಅಲ್ಲಿ ಗ್ಲೋಬಲ್‌ನ ಹೆಸರೇ ಇಲ್ಲದ ಮೇಲೆ ಹುಡುಕಾಟಕ್ಕೆ ಸಿಗುವುದಾದರೂ ಹೇಗೆ? ‘^(’ ಎಂಬ ಎರಡೇ ಚಿಹ್ನೆಗಳನ್ನು ಪ್ರತ್ಯೇಕವಾಗಿ ಹುಡುಕಿ, ಪ್ರತಿ ಸಾಲಿನಿಂದಲೂ ಹಿಂದಕ್ಕೆ ಓದಿಕೊಂಡು ಹೋಗಬೇಕು, ನಡುವೆ ಬೇರೆ ರೂಟೀನ್ ಕರೆದಿದ್ದರೆ ಅದರೊಳಕ್ಕೂ ಇಳಿಯಬೇಕು. ವಿಸ್ಟಾದ ಕೋಡ್ ಪರೀಕ್ಷಿಸುವ ಸಲಕರಣೆ ‘ಎಕ್ಸ್‌ಇಂಡೆಕ್ಸ್’ ಇಂಥ ಉಲ್ಲೇಖಗಳನ್ನು ಬೇರೆಯಾಗಿಯೇ ಪಟ್ಟಿಮಾಡಿ ಕೊಡುತ್ತದೆ. ಬೇಸರದ ಕೆಲಸ, ನಿಜ. ಬಿಟ್ಟರೆ ಮಾತ್ರ ಸಂಖ್ಯೆ ಚೀಟಿಯ ಮೇಲೆ ಮುದ್ರಣವಾಗುತ್ತಲೇ ಇರುತ್ತದೆ.

ಇನ್ನು ಗ್ಲೋಬಲ್ ಅನ್ನು ಮುಟ್ಟದೆಯೇ ಆ ಸಂಖ್ಯೆ ಪಡೆಯುವ ದಾರಿಗಳು. ‘ವಿಎಡಿಪಿಟಿ’ ಎಂಬ ರೂಟೀನ್ ಕರೆದರೆ ಸಂಖ್ಯೆ ‘ವಿಎಡಿಎಂ’ ಅರೇಯ ಎರಡನೇ ಸ್ಥಾನಕ್ಕೆ ಬಂದು ಕೂರುತ್ತದೆ. ಕರೆಯುವವರು ಸ್ಥಾನಕ್ಕೆ ಅಂಕಿಯ ಬದಲು ಅಕ್ಷರದ ಹೆಸರು ಬೇಕೆಂದು ಕೇಳಿದ್ದರೆ ಅದೇ ಸಂಖ್ಯೆ ‘ಎಸ್‌ಎಸ್’ ಎಂಬ ಹೆಸರಿನಡಿ ಬರುತ್ತದೆ. ‘ವಿಎ’ ಅರೇಯ ‘ಪಿಐಡಿ’ಯಲ್ಲಿ ಗೆರೆ ಹಾಕಿದ ಪೂರ್ತಿ ಸಂಖ್ಯೆ, ‘ಬಿಐಡಿ’ಯಲ್ಲಿ ಕೊನೆಯ ನಾಲ್ಕು ಅಂಕಿ. ವಿಸ್ಟಾದ ಡೇಟಾಬೇಸ್ ನಿರ್ವಾಹಕ ಫೈಲ್‌ಮ್ಯಾನ್‌ನ ‘ಗೆಟ್‌ಒನ್’ ಕರೆದವರು 2ನೇ ಫೈಲಿನ .09 ಫೀಲ್ಡ್ ಎಂದಷ್ಟೇ ಬರೆದಿರುತ್ತಾರೆ (ಫೈಲ್‌ಮ್ಯಾನ್‌ಗೆ ಫೈಲ್ ಎಂದರೆ ಡೇಟಾಬೇಸ್‌ನೊಳಗಿನ, ಸಂಖ್ಯೆ ಕೊಟ್ಟ ಕೋಷ್ಟಕ). ‘ಎಸ್‌ಎಸ್‌ಎನ್’, ‘ಬಿಎಸ್’, ‘ಬಿಎಸ್5’ ಎಂಬ ಸೂಚಿಗಳ (ಇಂಡೆಕ್ಸ್‌ಗಳ) ಮೂಲಕ ರೋಗಿಯನ್ನು ಹುಡುಕುವ ಕೋಡ್ ಒಂಬತ್ತನೇ ತುಂಡನ್ನು ನೋಡುವುದೇ ಇಲ್ಲ. ಬಿಎಸ್5 ಎಂದರೆ ಉಪನಾಮದ ಮೊದಲಕ್ಷರ ಮತ್ತು ಕೊನೆಯ ನಾಲ್ಕು ಅಂಕಿ. ಒಂಬತ್ತು ಅಂಕಿ ಇವೆಯೇ ಎಂದು ಪರೀಕ್ಷಿಸುವ ‘9ಎನ್’ ಮಾದರಿಯನ್ನೂ ಹುಡುಕಬೇಕು. ನಿಜವಾದ ಸಂಖ್ಯೆ ಇಲ್ಲದವರಿಗೆ ಕೊಡುವ ತಾತ್ಕಾಲಿಕ ಸಂಖ್ಯೆಯ ಕೊನೆಗೆ ‘ಪಿ’ ಅಕ್ಷರ ಬರುವುದರಿಂದ, ಒಂಬತ್ತೇ ಅಂಕಿ ಎಂದು ಲೆಕ್ಕ ಹಾಕಿ ಮುಚ್ಚುವ ಹೊಸ ಕೋಡ್ ಆ ರೋಗಿಗಳ ಮಟ್ಟಿಗೆ ಕೆಡುತ್ತದೆ. ಒಂದೇ ಮಾಹಿತಿಗೆ ಇಷ್ಟು ಮುಖಗಳು. ಹುಡುಕುವ ಪದಗಳ ಪಟ್ಟಿ ಮೊದಲು ಕಾಗದದ ಮೇಲೆ ತಯಾರಾಗಬೇಕು ಎನ್ನುವುದು ಇದಕ್ಕೇ.

ಇಷ್ಟಾದರೂ ನಾವು ಇನ್ನೂ ರೂಟೀನ್‌ಗಳಲ್ಲೇ ಇದ್ದೇವೆ. ಮಂಪ್ಸ್‌ನಲ್ಲಿ ದತ್ತಾಂಶವಾಗಿ ಇಟ್ಟ ಸಾಲನ್ನೂ ‘ಎಕ್ಸಿಕ್ಯೂಟ್’ ಆದೇಶ ಕೋಡ್ ಆಗಿ ಓಡಿಸಬಲ್ಲದು. ವಿಸ್ಟಾ ಈ ಸೌಲಭ್ಯವನ್ನು ಧಾರಾಳವಾಗಿ ಬಳಸಿಕೊಂಡಿದೆ. ಆದ್ದರಿಂದ ಕೋಡ್‌ನ ದೊಡ್ಡ ಪಾಲೊಂದು ಲಿನಕ್ಸ್‌ನ ಯಾವ ರೂಟೀನ್ ಫೈಲಿನಲ್ಲೂ ಇಲ್ಲ, ಡೇಟಾಬೇಸ್‌ನೊಳಗಿದೆ. ಪ್ರತಿ ಫೀಲ್ಡ್‌ನ ವಿವರಣೆ ಇರುವ ಡೇಟಾ ಡಿಕ್ಷನರಿ ‘^ಡಿಡಿ’ಯಲ್ಲಿ ಪ್ರತಿ ಫೀಲ್ಡ್‌ನ ಸೊನ್ನೆಯ ನೋಡ್‌ನ ಐದನೇ ತುಂಡಿನಿಂದ ಕೊನೆಯವರೆಗೆ ಇರುವುದು ಮಂಪ್ಸ್ ಕೋಡ್. ಅದನ್ನು ಕೊನೆಯಲ್ಲೇ ಇಟ್ಟದ್ದಕ್ಕೆ ಕಾರಣವಿದೆ: ತುಂಡುಗಳನ್ನು ಬೇರ್ಪಡಿಸುವುದೂ ‘^’, ಕೋಡ್‌ನಲ್ಲಿ ಬರುವುದೂ ‘^’. ಐದನೇ ತುಂಡು ಮಾತ್ರ ಕತ್ತರಿಸಿ ನೋಡಿದರೆ ಕೋಡ್ ನಡುವಿನಲ್ಲೇ ತುಂಡಾಗಿ ಮುಖ್ಯ ಭಾಗ ಕಾಣದೆ ಹೋಗುತ್ತದೆ. ಸೂಚಿಗಳನ್ನು ಬರೆಯುವ ಮತ್ತು ಅಳಿಸುವ ತರ್ಕ, ಹೊಸ ಬಗೆಯ ಸೂಚಿಗಳ ಫೈಲ್, ಮೆನು ಆಯ್ಕೆಗಳಿರುವ 19ನೇ ಫೈಲಿನ ಆರಂಭ-ಅಂತ್ಯದ ಕ್ರಿಯೆಗಳು, 101ನೇ ಫೈಲಿನ ಪ್ರೋಟೊಕಾಲ್‌ಗಳು, ನಮೂದು, ಮುದ್ರಣ ಮತ್ತು ವಿಂಗಡಣೆಯ ಟೆಂಪ್ಲೇಟ್‌ಗಳು, ಹೀಗೆ ಎಲ್ಲೆಡೆ ಕೋಡ್ ಅಡಗಿದೆ. ವೈದ್ಯರ ಪರದೆ ಕರೆಯುವ ರಿಮೋಟ್ ಪ್ರೊಸೀಜರ್‌ಗಳು 8994ನೇ ಫೈಲಿನಲ್ಲಿವೆ. ಅಲ್ಲಿ ಲೇಬಲ್ (ರೂಟೀನ್‌ನೊಳಗೆ ಕರೆಯಬೇಕಾದ ಸಾಲಿನ ಹೆಸರು) ಒಂದು ತುಂಡು, ರೂಟೀನ್ ಮುಂದಿನ ತುಂಡು. ನಡುವಿನ ಚಿಹ್ನೆಯೂ ‘^’ ಆಗಿರುವುದು ಇಲ್ಲಿ ಅನುಕೂಲವೇ, ಲೇಬಲ್ ಮತ್ತು ರೂಟೀನ್ ಸೇರಿಸಿ ಹುಡುಕಿದರೂ ಸಿಗುತ್ತದೆ. ಈ ಗ್ಲೋಬಲ್‌ಗಳಲ್ಲಿ ಹುಡುಕಲು ‘ಪರ್ಸೆಂಟ್ ಜಿಎಸ್‌ಇ’ ಬಳಸಿ. ಟೆಂಪ್ಲೇಟ್‌ಗಳಲ್ಲಿ ಫೀಲ್ಡ್‌ನ ಸಂಖ್ಯೆ ಇರಬಹುದು, ಪೂರ್ತಿ ಹೆಸರಿರಬಹುದು, ಎರಡನ್ನೂ ಹುಡುಕಿ.

ರೂಟೀನ್‌ನೊಳಗೆ ಉದ್ಧರಣ ಚಿಹ್ನೆಗಳ ನಡುವೆ ಬರೆದಿಟ್ಟು ಆಮೇಲೆ ಓಡಿಸುವ ಕೋಡ್‌ನಲ್ಲಿ ಪ್ರತಿ ಉದ್ಧರಣ ಚಿಹ್ನೆಯೂ ಎರಡೆರಡು ಬಾರಿ ಬರುತ್ತದೆ. ಒಂದೇ ಚಿಹ್ನೆಯೊಂದಿಗೆ ಹುಡುಕಿದರೆ ತಪ್ಪಿಸಿಕೊಳ್ಳುತ್ತದೆ. ಟಿಪ್ಪಣಿ ಸಾಲುಗಳನ್ನು ಮೊದಲೇ ಸೋಸಿ ತೆಗೆಯುವ ಅಭ್ಯಾಸವೂ ಒಳ್ಳೆಯದಲ್ಲ. ಎರಡು ಅರ್ಧವಿರಾಮಗಳ ಮುಂದಿರುವುದು ಎಷ್ಟೋ ಕಡೆ ಟಿಪ್ಪಣಿಯಲ್ಲ, ರೂಟೀನ್‌ನ ಸಾಲುಗಳನ್ನೇ ಓದುವ ‘ಡಾಲರ್ ಟೆಕ್ಸ್ಟ್’ ಫಂಕ್ಷನ್ ಓದಿಕೊಳ್ಳುವ ಕೋಷ್ಟಕ. ರೂಟೀನ್‌ನ ಹೆಸರನ್ನೇ ಓಡುವಾಗ ಜೋಡಿಸಿಕೊಳ್ಳುವ ‘@’ ಚಿಹ್ನೆಯ ಕರೆಗಳು ಯಾವ ಪದ ಹುಡುಕಾಟಕ್ಕೂ ಬಗ್ಗುವುದಿಲ್ಲ. ಅವನ್ನು ಬೇರೆ ಪಟ್ಟಿಮಾಡಿ, ಆ ಹೆಸರು ಎಲ್ಲಿಂದ ಬರುತ್ತದೆಂದು ಒಂದೊಂದಾಗಿ ನೋಡುವುದಲ್ಲದೆ ಬೇರೆ ದಾರಿ ನಮಗೆ ತಿಳಿದಿಲ್ಲ.

ಸಿಕ್ಕ ಮೇಲೂ ಎಡವುವುದಿದೆ. ಕೆಲವು ರೂಟೀನ್‌ಗಳನ್ನು ಮನುಷ್ಯರು ಬರೆದಿಲ್ಲ, ಟೆಂಪ್ಲೇಟ್ ಕಂಪೈಲ್ ಮಾಡಿದಾಗ ಫೈಲ್‌ಮ್ಯಾನ್ ಸೃಷ್ಟಿಸಿದೆ. ಅವನ್ನು ತಿದ್ದಿದರೆ ಮುಂದಿನ ಕಂಪೈಲ್‌ನಲ್ಲಿ ತಿದ್ದುಪಡಿ ಅಳಿಸಿಹೋಗುತ್ತದೆ, ತಿದ್ದಬೇಕಾದ್ದು ಟೆಂಪ್ಲೇಟನ್ನು. ವಿಸ್ಟಾದ ಬುನಾದಿ ಭಾಗವಾದ ಕರ್ನೆಲ್‌ನ ಕೆಲವು ರೂಟೀನ್‌ಗಳು ಒಂದು ಹೆಸರಿನಲ್ಲಿ ಬಂದು, ಅನುಸ್ಥಾಪನೆಯ ವೇಳೆ ಪರ್ಸೆಂಟ್ ಹೆಸರಿಗೆ ನಕಲಾಗುತ್ತವೆ. ಓಡುವುದು ನಕಲು, ಹುಡುಕಿ ತಿದ್ದಿದ್ದು ಮೂಲ ಎಂದಾಗಬಾರದು. ಯೊಟ್ಟಾಡಿಬಿಯಲ್ಲಿ ಒಂದೇ ಹೆಸರಿನ ಫೈಲ್ ಎರಡು ಫೋಲ್ಡರುಗಳಲ್ಲಿದ್ದರೆ ‘ಝಡ್‌ರೂಟೀನ್ಸ್’ ಎಂಬ ಫೋಲ್ಡರುಗಳ ಪಟ್ಟಿಯ ಕ್ರಮದಲ್ಲಿ ಮೊದಲು ಬರುವುದೇ ಓಡುತ್ತದೆ, ಗ್ರೆಪ್ ಮಾತ್ರ ಎರಡನ್ನೂ ತೋರಿಸುತ್ತದೆ. ಎಲ್ಲ ಕಡೆ ಒಂದೇ ಏಟಿಗೆ ಪದ ಬದಲಿಸುವ ‘ಪರ್ಸೆಂಟ್ ಆರ್‌ಸಿಇ’ ಎಂಬ ಸಲಕರಣೆಯನ್ನು ರೋಗಿಗಳ ನಿಜವಾದ ದಾಖಲೆಗಳಿರುವ ಯಂತ್ರದಲ್ಲಿ ಮುಟ್ಟಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಹೆಸರಿನ ಮೊದಲ ಭಾಗವಷ್ಟೇ ಹೊಂದಿದರೂ ಅದು ಬದಲಿಸಿಬಿಡುತ್ತದೆ. ಔಷಧ ವಿಭಾಗದ ರೂಟೀನ್ ಒಂದರಲ್ಲಿ ಹಾಗಾದರೆ ತೊಂದರೆ ಅನುಭವಿಸುವವರು ಹಾಸಿಗೆಯ ಮೇಲಿದ್ದಾರೆ.

ಆಸ್ಪತ್ರೆಗಳ ಆಡಳಿತದವರಲ್ಲಿ ನಮ್ಮ ಕೋರಿಕೆ ಇಷ್ಟೇ. "ಎಲ್ಲೂ ಇಲ್ಲ" ಎಂಬ ಒಂದು ಸಾಲಿನ ವರದಿಗೆ ಸಹಿ ಹಾಕಬೇಡಿ. ಯಾವ ಯಾವ ಪದ ಹುಡುಕಿದಿರಿ, ರೂಟೀನ್‌ಗಳ ಜೊತೆ ಯಾವ ಗ್ಲೋಬಲ್‌ಗಳಲ್ಲಿ ಹುಡುಕಿದಿರಿ, ಪ್ರತಿ ಪದಕ್ಕೆ ಎಷ್ಟು ಸಾಲು ಸಿಕ್ಕವು, ಅವುಗಳಲ್ಲಿ ಯಾವುದನ್ನು ಏಕೆ ಬಿಟ್ಟಿರಿ, ‘@’ ಕರೆಗಳನ್ನು ಯಾರು ಓದಿದರು, ಅಂದು ವ್ಯವಸ್ಥೆಯಲ್ಲಿ ಯಾವ ಪ್ಯಾಚ್‌ಗಳಿದ್ದವು, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ. ರೂಟೀನ್‌ನ ಎರಡನೇ ಸಾಲಿನಲ್ಲಿ ಆವೃತ್ತಿ ಮತ್ತು ಪ್ಯಾಚ್ ಸಂಖ್ಯೆಗಳು ಇದ್ದೇ ಇರುವುದರಿಂದ ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಲ್ಲ. ವಿಸ್ಟಾ ಒಂದೇ ಯಂತ್ರದಲ್ಲಿ ಓಡುವುದೂ ಅಲ್ಲ. ಮಾಜಿ ಯೋಧರ ಇಲಾಖೆಯಲ್ಲಿ ಅದರ ಪ್ರತಿಗಳು ನೂರಕ್ಕೂ ಹೆಚ್ಚಿದ್ದವು, ಆಯಾ ಆಸ್ಪತ್ರೆಯವರು ತಮಗಾಗಿ ಬರೆದುಕೊಂಡ, ‘ಝಡ್’ ಅಕ್ಷರದಿಂದ ಶುರುವಾಗುವಂಥ ರೂಟೀನ್‌ಗಳು ಪ್ರತಿಯೊಂದರಲ್ಲೂ ಬೇರೆ ಬೇರೆ. ಒಂದು ಊರಿನ ಪ್ರತಿಯಲ್ಲಿ ನಡೆಸಿದ ಹುಡುಕಾಟದ ಫಲವನ್ನು ಇನ್ನೊಂದು ಊರಿನ ಕಡತಕ್ಕೆ ಅಂಟಿಸಿದ್ದರೆ ಅದನ್ನು ವಾಪಸ್ ಕಳಿಸಿ, ಅಲ್ಲಿಯ ಯಂತ್ರದಲ್ಲೇ ಮತ್ತೆ ಹುಡುಕಿಸಿ.

ಇತಿ,
ಮಂಪ್ಸ್ ತಂತ್ರಾಂಶ ನಿರ್ವಹಣೆಯಲ್ಲಿರುವ ಕೆಲವರು
ಬೆಂಗಳೂರು