ಇದನ್ನು ಗಟ್ಟಿಯಾಗಿ ಓದಬೇಡ

ವಿಯೆನ್ನಾ
ಜುಲೈ 6, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಆರಾಮ. ನೀವೂ ಆರಾಮ ಅಂದುಕೊಂಡಿದ್ದೆ.

ನಿನ್ನ ಕಾಗದದ ಫೋಟೊ ರಾಘು ಕಳಿಸಿದ. ಫೋನಿನಲ್ಲಿ ಹೇಳಿದರೆ ಜಗುಲಿಯಲ್ಲಿರೋ ಅಪ್ಪನಿಗೆ ಕೇಳಿಸುತ್ತೆ ಅಂತ ನೀನು ಹಾಲಿನ ಲೆಕ್ಕದ ಪುಸ್ತಕದ ಹಾಳೆ ಹರಿದು ಬರೆದಿದ್ದು ನೋಡಿಯೇ ನನ್ನ ಅರ್ಧ ಜೀವ ಹೋಯ್ತು. ಓದಿದ ಮೇಲೆ ಉಳಿದರ್ಧ. ಅಪ್ಪನ ಪಾದಕ್ಕೆ ಇಂಬಳ ಕಚ್ಚಿದ್ದನ್ನು ಕೆರೆದುಕೊಂಡು ಆದ ಗಾಯ, ಮೂರು ವಾರವಾದರೂ ಮಾಯದೇ ಇರೋದು, ಅದಕ್ಕೆ ಅರಿಶಿನ ಮೆತ್ತಿಕೊಂಡು ಬರಿಗಾಲಲ್ಲಿ ತೋಟಕ್ಕೆ ಹೋಗೋದು ಅಂದರೆ ಏನಮ್ಮಾ? "ನೋವೇನೂ ಇಲ್ಲ ಕಣೇ ಅಂತಾರೆ" ಅಂತ ಬೇರೆ ಬರೆದಿದ್ದೀಯ. ನನಗೆ ಹೆದರಿಕೆಯಾಗಿದ್ದೇ ಆ ಸಾಲಿಗೆ. ಶುಗರ್ ಹಳೇದಾದ ಹಾಗೆ ಪಾದದ ನರ ಜಡವಾಗುತ್ತೆ, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ನೋವಿದ್ದಿದ್ದರೆ ನಾನು ಇಷ್ಟು ಹಾರಾಡ್ತಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಯೋಚನೆ ಬೇಡ. ಸಂಜೆ ಒಬ್ಬಳೇ ತಿರುಗ್ತೀಯಾ ಅಂತ ಕೇಳಿದ್ದೀಯ. ಒಬ್ಬಳೇ ಅಲ್ಲ, ಮನೆ ಓನರ್ ಅಜ್ಜಿ ಇರ್ತಾಳೆ. ಕತ್ತಲಲ್ಲೂ ಅಲ್ಲ, ಈಗ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತಕ್ಕೆ. ಹೊಟ್ಟೆ ತುಂಬ ತಿಂತೀನಿ, ತೂಕವೂ ಜಾಸ್ತಿಯಾಗಿದೆ (ರಾಘುಗೆ ಹೇಳಬೇಡ). ನೀರಿನ ಬಗ್ಗೆಯೂ ಹೆದರಬೇಡ. ಇಲ್ಲಿನ ನಲ್ಲಿ ನೀರು ದೂರದ ಆಲ್ಪ್ಸ್ ಬೆಟ್ಟದಿಂದ ಪಂಪೇ ಇಲ್ಲದೆ ಇಳಿದು ಬರುತ್ತೆ, 1873ರಿಂದ. ನಮ್ಮ ಗುಡ್ಡದ ದಂಬೆ ನೀರಿನ ಹಾಗೇ ಅಂತ ನಾನು ಅಜ್ಜಿಗೆ ಹೇಳಿದೆ. ಅಡಿಕೆ ಮರ ಸೀಳಿದ ದಂಬೆಯಲ್ಲಿ ನೀರು ತರೋದನ್ನು ಅವಳು ನಂಬಲಿಲ್ಲ, ಚಿತ್ರ ಬರೆದು ತೋರಿಸಬೇಕಾಯ್ತು.

ಅಜ್ಜಿಗೆ ಎಪ್ಪತ್ತೆಂಟು. ಅವಳಿಗೂ ಶುಗರ್. ದಿನಾ ಸಂಜೆ ಕೋಲು ಹಿಡಿದು ಪ್ರಾಟರ್ ಪಾರ್ಕಿನ ಚೆಸ್ಟ್‌ನಟ್ ಮರಗಳ ಸಾಲುದಾರಿಯಲ್ಲಿ ನಡೀತಾಳೆ. ಆ ದಾರಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ನೆಟ್ಟಗೆ ಹೋಗುತ್ತೆ. ಇಲ್ಲಿಯವರಿಗೆ ನಡೆಯೋದೇ ಒಂದು ಕೆಲಸ. ಎಲ್ಲಿಗೆ ಅಂತ ಕೇಳಿದರೆ ಎಲ್ಲಿಗೂ ಇಲ್ಲ! ಮೊದಲು ನಗು ಬರ್ತಿತ್ತು, ಈಗ ನನಗೂ ಅಭ್ಯಾಸವಾಗಿದೆ.

ಮೊನ್ನೆ ಮನೆಗೆ ಬಂದು ಮರಿಲೆನ್‌ಕ್ನೋಡೆಲ್ ಮಾಡಿದಳು. ಈಗ ಏಪ್ರಿಕಾಟಿನ ಕಾಲ. ಹಣ್ಣಿನ ಬೀಜ ತೆಗೆದು ಆ ಜಾಗಕ್ಕೆ ಒಂದು ಸಕ್ಕರೆ ಅಚ್ಚು ತುರುಕಿ, ಆಲೂಗಡ್ಡೆ ಹಿಟ್ಟಿನಲ್ಲಿ ಉಂಡೆ ಕಟ್ಟಿ, ಕುದಿಯೋ ನೀರಿಗೆ ಬಿಡೋದು. ಮೇಲೆ ತೇಲಿ ಬಂದ ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸೋದು. ನಿನ್ನ ಕಾಯಿಕಡುಬಿನ ದೂರದ ನೆಂಟ ಅನ್ನಬಹುದು, ಆದರೆ ಏಲಕ್ಕಿ ಇಲ್ಲದ್ದು ಎಂಥ ಕಡುಬು. ಒಂದು ಉಂಡೆಗೆ ಮಾತ್ರ ಹಲ್ಲುಕಡ್ಡಿ ಚುಚ್ಚಿದ್ದಳು. ಅದು ಸಕ್ಕರೆ ಹಾಕದ್ದು, ಅವಳದ್ದು. ಒಂದೇ ಒಂದು ತಿಂದು ಕೈ ತೊಳೆದಳು.

ಮಲಗೋ ಮುಂಚೆ ಅಡುಗೆಮನೆ ಕುರ್ಚಿಯಲ್ಲಿ ಕೂತು, ಸಾಕ್ಸ್ ಬಿಚ್ಚಿ, ಮುಖ ನೋಡಿಕೊಳ್ಳೋ ಪುಟ್ಟ ಕನ್ನಡಿ ಪಾದದ ಕೆಳಗೆ ಹಿಡಿದು ನೋಡ್ತಾಳೆ. ಬೆರಳ ಸಂದಿ, ಹಿಮ್ಮಡಿ, ಎಲ್ಲ. ದಿನಾ. ಮೊದಲು ಏನೋ ಶೋಕಿ ಅಂದುಕೊಂಡಿದ್ದೆ. ನಿನ್ನ ಕಾಗದ ಬಂದ ರಾತ್ರಿ ಅದನ್ನು ನೋಡ್ತಾ ನೋಡ್ತಾ ಅಳು ಬಂದುಬಿಡ್ತು. ಅಜ್ಜಿಗೆ ಈರುಳ್ಳಿ ಅಂತ ಸುಳ್ಳು ಹೇಳಿದೆ.

ಇಲ್ಲಿಂದ ಅಪ್ಪನಿಗೆ ಗಟ್ಟಿಯಾಗಿ ಓದು.

ಅಪ್ಪ, ಈ ಊರಿನ ಸರಹದ್ದಿನೊಳಗೇ ಸುಮಾರು 1500 ಎಕರೆ ದ್ರಾಕ್ಷಿ ತೋಟ ಇದೆ. ಟ್ರಾಮ್ ಹತ್ತಿ ನುಸ್‌ಡೋರ್ಫ್‌ನಲ್ಲಿ ಇಳಿದು, ಒಂದು ಹಳ್ಳದ ಪಕ್ಕ ಸ್ವಲ್ಪ ಹತ್ತಿದರೆ ಗುಡ್ಡದ ಮೈಯೆಲ್ಲ ಸಾಲು ಸಾಲು ಬಳ್ಳಿ. ನೀವು ಅಡಿಕೆಗೆ ಹೊಡೆಸೋ ಬೋರ್ಡೋ ಔಷಧಿ ಮೊದಲು ಹುಟ್ಟಿದ್ದೇ ದ್ರಾಕ್ಷಿಯ ರೋಗಕ್ಕೆ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಕಡೆ. ಅದೇ ಸುಣ್ಣ, ಅದೇ ಮೈಲುತುತ್ತ. ಈ ಸಲ ಎರಡನೇ ಔಷಧಿಗೆ ಮಳೆ ಬಿಡುವು ಕೊಡ್ತಾ? ಒಂದು ಗೊನೆಯಲ್ಲಿ ನಾಲ್ಕು ಕಾಯಿ ಉದುರಿದರೆ ಕೊಳೆ ರೋಗ ಬಂತು ಅಂತ ರಾತ್ರಿಯಿಡೀ ನಿದ್ದೆ ಮಾಡದೋರು ನೀವು. ಸ್ವಂತ ಕಾಲಿಗೆ ಮಾತ್ರ ಮೂರು ವಾರ ಕಾಯ್ತೀರಾ? ಔಷಧಿ ಹೊಡೆಯೋರನ್ನು ರಾಘು ನೋಡಿಕೊಳ್ತಾನೆ. ಬುಧವಾರ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ಪಾದ ತೋರಿಸಲೇಬೇಕು. ಅಲ್ಲಿಯವರೆಗೆ ತೋಟದ ಕಡೆ ತಲೆ ಹಾಕಬೇಡಿ.

ಇಲ್ಲಿಗೆ ನಿಲ್ಲಿಸು.

ಅಮ್ಮಾ, ಆ ಹಳ್ಳದ ದಾರಿಗೆ ಬೇಥೋವನ್ ಹೆಸರು. ಸಂಗೀತಗಾರ. ಕಿವಿ ಕೇಳಿಸ್ತಿಲ್ಲ ಅನ್ನೋದನ್ನು ವರ್ಷಗಟ್ಟಲೆ ಜನರಿಂದ ಮುಚ್ಚಿಟ್ಟಿದ್ದ. 1802ರಲ್ಲಿ ಅಲ್ಲೇ ಹತ್ತಿರ ಕೂತು ತಮ್ಮಂದಿರಿಗೆ ಎಲ್ಲ ಬಿಚ್ಚಿ ಕಾಗದ ಬರೆದ, ಅದನ್ನೂ ಕಳಿಸಲಿಲ್ಲ. ಸಿಕ್ಕಿದ್ದು ಅವನು ಸತ್ತ ಮೇಲೆ, ಅವನ ಕಾಗದಪತ್ರದಲ್ಲಿ. ಇಂಥ ಗಂಡಸರು ಎಲ್ಲ ಊರಲ್ಲೂ ಇದ್ದಾರೆ ನೋಡು. ನೀನಾದರೂ ಬರೆದು ಕಳಿಸಿದೆಯಲ್ಲ.

ದ್ರಾಕ್ಷಿ ತೋಟದ ಪಕ್ಕದ ಮನೆಗಳಲ್ಲಿ ಬಾಗಿಲ ಮೇಲೆ ಪೈನ್ ಸೊಪ್ಪು ಕಟ್ಟಿದ್ದರೆ ಅವತ್ತು ಅವರದೇ ತೋಟದ ವೈನ್ ಉಂಟು ಅಂತ ಅರ್ಥ. ನಾನು ಕುಡಿದಿದ್ದು ಬರೀ ದ್ರಾಕ್ಷಿ ರಸ. ನಿನ್ನಾಣೆಗೂ.

ರಾಘು ಅಕೌಂಟಿಗೆ ನಲವತ್ತು ಸಾವಿರ ಹಾಕಿದ್ದೀನಿ. ಅಪ್ಪ ಕೇಳಿದರೆ ಅಡಿಕೆ ದುಡ್ಡು ಅನ್ನು. ನನಗೇನೂ ಕಷ್ಟವಾಗಿಲ್ಲ, ನಿಜವಾಗಲೂ ಇಲ್ಲ, ಸ್ಕಾಲರ್‌ಶಿಪ್ಪಿನಲ್ಲಿ ಉಳಿದಿದ್ದು. ಕೊಪ್ಪದ ಹುಡುಗನ ವಿಷಯ ಈಗ ಬೇಡ, ಕಾಲು ವಾಸಿಯಾಗಲಿ, ಆಮೇಲೆ ಜಗಳ ಆಡೋಣ.

ಅಜ್ಜಿ ಕೆಳಗಿಂದ ಕೋಲು ಕುಟ್ತಿದ್ದಾಳೆ, ಹೊರಡಬೇಕು. ರಾತ್ರಿ ಅಪ್ಪ ಮಲಗಿದ ಮೇಲೆ ರಾಘು ಕೈಲಿ ಬ್ಯಾಟರಿ ಹಿಡಿಸಿ ಫೋಟೊ ತೆಗೆಸು. ಮೇಲಿಂದಲ್ಲ, ಅಡಿಯದ್ದು. ಬೆರಳ ಸಂದಿಯದ್ದೂ.

ಇಂತಿ,
ನಿನ್ನ ಸುಮಾ