ಅಡುಗೆಮನೆವರೆಗೂ ನೆಟ್ ಬರಬೇಕು

ಲೈಪ್‌ಜಿಗ್, ಜರ್ಮನಿ
ಮಾರ್ಚ್ 3

ತೀರ್ಥರೂಪರಾದ ಅಪ್ಪನಿಗೆ, ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ದಿನಾ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದಂತೆ ಪತ್ರ ಯಾಕೆ ಬರೆದಳು ಅಂತ ಅನ್ನಿಸಬಹುದು. ಕಾರಣ ಕಳೆದ ಭಾನುವಾರದ್ದು. ಅಜ್ಜಿ ಒಲೆ ಮುಂದೆ ಕೂತು ನನಗೆ ಅಪ್ಪೆಹುಳಿಯ ಒಗ್ಗರಣೆ ತೋರಿಸುತ್ತಿದ್ದರು. ಸಾಸಿವೆ ಸಿಡಿಯಬೇಕು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಸೌಟು ಹಿಡಿದ ಕೈ ಮಾತ್ರ ಪರದೆ ಮೇಲೆ ಉಳಿಯಿತು. ಮೂರು ಸಲ ಮತ್ತೆ ಕರೆ ಮಾಡಿದೆ, ಮೂರು ಸಲವೂ ಹಾಗೇ ಆಯಿತು. ಕೊನೆಗೆ ಅಜ್ಜಿ ಎದ್ದು, ಗೋಡೆ ಹಿಡಿದುಕೊಂಡು ಚಾವಡಿವರೆಗೆ ನಡೆದು ಬಂದು "ಈಗ ಕಾಣ್ತಾ ಕೂಸೇ?" ಅಂದರು. ಮಂಡಿ ನೋವಿಟ್ಟುಕೊಂಡು ಅವರು ಹಾಗೆ ನಡೆದು ಬಂದದ್ದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ತಮ್ಮ ಯುಗಾದಿಗೆ ಊರಿಗೆ ಬರುತ್ತಾನಲ್ಲ, ಅಡುಗೆಮನೆವರೆಗೆ ನೆಟ್ ತರುವ ಕೆಲಸ ಅವನ ಕೈಲಿ ಮಾಡಿಸೋಣ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದವಾದರೆ ಪಕ್ಕದಲ್ಲಿಟ್ಟುಕೊಂಡು ಮಾಡಬಹುದು.

ಅಪ್ಪ, "ಇನ್ನೂ ಜಾಸ್ತಿ ದುಡ್ಡಿನ ಪ್ಲಾನ್ ಹಾಕಿಸಿಬಿಡೋಣ" ಅಂದಿರಲ್ಲ, ಅದು ಮಾತ್ರ ಬೇಡ. ನಾವಿಲ್ಲಿ ಅದನ್ನೇ ಮಾಡಿ ಆರು ತಿಂಗಳು ಸುಮ್ನೆ ದುಡ್ಡು ಕಟ್ಟಿದೆವು. ನಮ್ಮದು ನೂರು ವರ್ಷಕ್ಕೂ ಹಳೆಯ ಕಟ್ಟಡ. ಈ ಊರಿನಲ್ಲಿ ಅಂಥವು ಬೀದಿಗಟ್ಟಲೆ ಇವೆ. ಎತ್ತರದ ಸೂರು, ಮೊಳದಷ್ಟು ದಪ್ಪದ ಇಟ್ಟಿಗೆ ಗೋಡೆ. ಟೆಲಿಫೋನ್ ತಂತಿ ಬರುವುದು ಮುಂಬಾಗಿಲ ಪಕ್ಕಕ್ಕೆ, ಹಾಗಾಗಿ ರೂಟರ್ ಕೂಡ ಅಲ್ಲೇ. ಇವರು ಕೂತು ಆಫೀಸ್ ಕೆಲಸ ಮಾಡುವ ಕೋಣೆ ಹಿಂದುಗಡೆ, ನಡುವೆ ಮೂರು ಗೋಡೆ. ಮೀಟಿಂಗ್ ಮಧ್ಯೆ ಇವರ ದನಿ ಹೋಗುವುದು, ಬರುವುದು. 50 ಎಂಬಿಪಿಎಸ್ ಇದ್ದ ವೇಗವನ್ನು 100ಕ್ಕೆ ಏರಿಸಿದೆವು. ಹಿಂದಿನ ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಒಂದು ದಿನ ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದ ಸಿಕ್ಕಿಸಿ ಅಳೆದೆ, 94 ಬಂತು. ಅದೇ ಲ್ಯಾಪ್‌ಟಾಪ್ ಹಿಂದಿನ ಕೋಣೆಗೆ ಒಯ್ದು ವೈಫೈನಲ್ಲಿ ಅಳೆದೆ, 6.

ನೀವು ಅಬ್ಬಿ ನೀರು ಮನೆಗೆ ತಂದಿದ್ದು ನೆನಪಿದೆಯಲ್ಲ? ಗುಡ್ಡದ ಮೇಲೆ ನೀರು ಧಾರಾಳ ಇತ್ತು, ಬಚ್ಚಲಿಗೆ ಮಾತ್ರ ಹನಿ ಹನಿ ಬೀಳುತ್ತಿತ್ತು. ನೀವು ಅಬ್ಬಿಯನ್ನು ಅಗೆಯಲು ಹೋಗಲಿಲ್ಲ. ಪೈಪನ್ನು ಮಾರು ಮಾರು ನೋಡಿಕೊಂಡು ಬಂದಿರಿ. ನಮ್ಮ ಮನೆಯ ನೆಟ್ಟಿಗೂ ಬೇಕಿರುವುದು ಅದೇ. ಕಂಬದಿಂದ ಚಾವಡಿಯವರೆಗೆ ಬರುವುದು ಚೆನ್ನಾಗಿಯೇ ಬರುತ್ತಿದೆ. ಚಾವಡಿಯಿಂದ ಒಳಕ್ಕೆ ದಾರಿ ಇಲ್ಲ.

ವೈಫೈ ಅಂದರೆ ರೇಡಿಯೋ ಅಲೆ. ಅದು ಹೆಚ್ಚಾಗಿ ಎರಡು ಥರ ಬರುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರದ್ದು ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. 2.4ರದ್ದು ನಿಧಾನ, ಆದರೆ ಗೋಡೆಯಾಚೆಗೂ ಸ್ವಲ್ಪ ದೂರ ಹೋಗುತ್ತದೆ. ಇಲ್ಲಿ 2.4ರಲ್ಲಿ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳ ಇಪ್ಪತ್ತಕ್ಕೂ ಹೆಚ್ಚು ವೈಫೈ ಹೆಸರುಗಳು ಕಾಣುತ್ತವೆ. ಎಲ್ಲರೂ ಒಟ್ಟಿಗೆ ಮಾತಾಡುವ ಸಂತೆ ಅದು. ಮೈಕ್ರೋವೇವ್ ಒಲೆಯೂ ಹೆಚ್ಚು ಕಡಿಮೆ ಅದೇ ಅಲೆಯಲ್ಲಿ ನಡೆಯುತ್ತದೆ, ಹಾಗಾಗಿ ನಾನು ಮಧ್ಯಾಹ್ನ ಅನ್ನ ಬಿಸಿ ಮಾಡಿದರೆ ಇವರ ಕರೆ ತಡವರಿಸುತ್ತಿತ್ತು. ನಮ್ಮೂರಿನಲ್ಲಿ ಆ ತೊಂದರೆ ಇಲ್ಲವೇ ಇಲ್ಲ. ಪಕ್ಕದ ಮನೆ ಅಂದರೆ ತೋಟದಾಚೆಗೆ. 2.4 ಪೂರ್ತಿ ನಮಗೇ. ಅಜ್ಜಿಯ ಫೋನನ್ನು ಅದಕ್ಕೇ ಸೇರಿಸಿ.

ಮೊದಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತಂದೆವು. ತಮ್ಮನೂ ಅದನ್ನೇ ತರೋಣ ಅನ್ನಬಹುದು. ಅದು ಒಂದೇ ಬಾಯಲ್ಲಿ ರೂಟರಿನಿಂದ ಕೇಳಿ, ಅದೇ ಬಾಯಲ್ಲಿ ಫೋನಿಗೆ ಹೇಳಬೇಕು. ಅಗ್ಗದ ರಿಪೀಟರಿನಲ್ಲಿ ವೇಗ ಅಲ್ಲೇ ಅರ್ಧ ಆಗುತ್ತದೆ. ಮೇಲಾಗಿ ಸಿಗ್ನಲ್ ಸರಿಯಾಗಿ ಬಾರದ ಜಾಗದಲ್ಲಿ ಅದನ್ನು ಇಟ್ಟರೆ ಅದಕ್ಕೂ ಸರಿಯಾಗಿ ಕೇಳಿಸುವುದಿಲ್ಲ. ಎರಡು ವಾರಕ್ಕೆ ಅದನ್ನು ಕಿತ್ತಿಟ್ಟು, ತಂತಿ ಎಳೆಯುವುದೇ ಸರಿ ಅಂತ ತೀರ್ಮಾನಿಸಿದೆವು.

ಬಾಡಿಗೆ ಮನೆಯಲ್ಲವಾ, ಗೋಡೆಗೆ ತೂತು ಹಾಕಲು ಮಾಲೀಕರನ್ನು ಕೇಳಬೇಕು. ಬಿಡುವಾಗ ತೂತು ಮುಚ್ಚಿಕೊಡುತ್ತೇವೆ ಅಂತ ಬರೆದುಕೊಟ್ಟೆವು. ಇಲ್ಲಿ ಭಾನುವಾರ ಡ್ರಿಲ್ ಹೊಡೆಯುವ ಹಾಗಿಲ್ಲ, ಅದು ಸದ್ದಿಲ್ಲದೆ ಇರಬೇಕಾದ ದಿನ. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಗೋಡೆ ಬುಡದ ಮರದ ಪಟ್ಟಿಯ ಗುಂಟ ನೂಲು ಹಿಡಿದು ಅಳೆದಾಗ 18 ಮೀಟರ್ ಬಂತು. 25 ಮೀಟರ್ ತಂದೆ. ಗಿಡ್ಡ ಆದರೆ ಏನೂ ಮಾಡಲಾಗುವುದಿಲ್ಲ, ಉದ್ದ ಉಳಿದರೆ ಸುತ್ತಿಡಬಹುದು.

ಈ ತಂತಿಯ ವಿಷಯ ತಮ್ಮ ಗಮನವಿಟ್ಟು ಓದಬೇಕು. ಕ್ಯಾಟ್ 6 ಅಂತ ಕೇಳಿ ತರಬೇಕು. ಅದರೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. ಹೊಸೆದಿರುವುದು ಚಂದಕ್ಕಲ್ಲ, ಹೊರಗಿನ ಕರೆಂಟಿನ ಗಲಾಟೆ ಒಳಗೆ ನುಗ್ಗದ ಹಾಗೆ ತಡೆಯಲಿಕ್ಕೆ. ಒಂದೇ ತಂತಿ 100 ಮೀಟರ್‌ವರೆಗೆ ಎಳೆಯಬಹುದು, ನಮ್ಮ ಮನೆಗೆ ಅದು ಬೇಕಾದಷ್ಟಾಯಿತು. ಅಗ್ಗಕ್ಕೆ ಸಿಗುವ ತಂತಿಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ್ದೂ ಇರುತ್ತದೆ. ಚಾಕುವಿನಿಂದ ಎಳೆಯನ್ನು ಒಂಚೂರು ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ, ಅದು ಬಗ್ಗಿಸಿದರೆ ಬೇಗ ಮುರಿಯುತ್ತದೆ.

ತುದಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕನೆಕ್ಟರ್ ಹಾಕಬೇಕು. ಅಡುಗೆಮನೆ ಮೇಜಿನ ಮೇಲೆ ಬಿಳಿ ಹಾಳೆ ಹಾಸಿಕೊಂಡು ಕೂತೆ. ಮೇಲಿನ ಸಿಪ್ಪೆ ಬಿಡಿಸಿ, ಎಂಟೂ ಎಳೆಗಳ ಸುತ್ತು ಬಿಚ್ಚಿ, ಒಂದರ ಪಕ್ಕ ಒಂದು ನೇರ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಗಟ್ಟಿಯಾಗಿ ಹಿಡಿದು ತುದಿ ಸಮ ಕತ್ತರಿಸಬೇಕು. ಬೆರಳು ಸ್ವಲ್ಪ ಸಡಿಲ ಆದರೆ ಸಾಲು ತಪ್ಪುತ್ತದೆ. ಅಮ್ಮ, ನೀನು ಮಲ್ಲಿಗೆ ಕಟ್ಟುವಾಗ ಬೆರಳ ನಡುವೆ ಹೂ ಹಿಡಿಯುತ್ತೀಯಲ್ಲ, ಹಾಗೆ. ಕನೆಕ್ಟರಿನೊಳಗೆ ದೂಡಿ, ಇಕ್ಕಳದಿಂದ ಒತ್ತಿದರೆ ಕಟಕ್ ಅಂತ ಕೂರುತ್ತದೆ. ನನ್ನ ಮೊದಲನೆಯದು ಸರಿಯಾಗಲಿಲ್ಲ. ಟೆಸ್ಟರಿನಲ್ಲಿ ಏಳು ದೀಪ ಹತ್ತಿ, ಎಂಟನೆಯದು ಹತ್ತಲಿಲ್ಲ. ದೀಪದ ಬೆಳಕಿಗೆ ಹಿಡಿದು ನೋಡಿದರೆ ಕಂದು ಎಳೆ ತುದಿ ಮುಟ್ಟುವ ಮೊದಲೇ ನಿಂತಿತ್ತು, ಕೂದಲೆಳೆಯಷ್ಟು. ಕತ್ತರಿಸಿ ಮತ್ತೆ ಮಾಡಿದೆ. ಎಂಟೂ ದೀಪ ಸಾಲಾಗಿ ಹತ್ತಿದಾಗ ಆದ ಖುಷಿ ಹೇಳಲಾರೆ.

ಹಿಂದಿನ ಕೋಣೆಯಲ್ಲಿ ನಮ್ಮ ಹಳೆಯ ರೂಟರನ್ನೇ ಎರಡನೆಯ ವೈಫೈ ಮಾಡಿದೆ. ಅಲ್ಲಿ ಒಂದು ಸಂಜೆ ಪೂರ್ತಿ ಕಳೆಯಿತು. ಮನೆಯೊಳಗಿನ ಪ್ರತಿ ಫೋನಿಗೂ ಕಂಪ್ಯೂಟರಿಗೂ ರೂಟರ್ ಒಂದೊಂದು ನಂಬರ್ ಕೊಡುತ್ತದೆ. 192.168 ಅಂತ ಶುರುವಾಗುವ ನಂಬರುಗಳು. ಅವನ್ನು 1990ರ ದಶಕದಲ್ಲೇ ಮನೆ, ಆಫೀಸುಗಳ ಒಳಬಳಕೆಗೆ ಅಂತ ತೆಗೆದಿಟ್ಟರು. ಹಾಗಾಗಿ ಇಲ್ಲೂ ಅದೇ ನಂಬರ್, ಸಾಗರದ ಹತ್ತಿರದ ನಮ್ಮ ಮನೆಯಲ್ಲೂ ಅದೇ ನಂಬರ್ ಇರಬಹುದು, ಜಗಳ ಇಲ್ಲ. ಆದರೆ ಒಂದು ಮನೆಯಲ್ಲಿ ನಂಬರ್ ಹಂಚುವವರು ಒಬ್ಬರೇ ಇರಬೇಕು. ನಮ್ಮಲ್ಲಿ ಹೊಸ ರೂಟರೂ ಹಂಚುತ್ತಿತ್ತು, ಹಳೆಯದೂ ಹಂಚುತ್ತಿತ್ತು. ಒಂದೇ ಊರಿಗೆ ಇಬ್ಬರು ಶಾನುಭೋಗರು ಕೂತ ಹಾಗಾಯಿತು. ಕೆಲವು ಫೋನುಗಳಿಗೆ ನೆಟ್ ಬರುವುದು, ಕೆಲವಕ್ಕೆ ಇಲ್ಲ. ಹಳೆಯದರಲ್ಲಿ ನಂಬರ್ ಹಂಚುವ ಡಿಎಚ್‌ಸಿಪಿ ಅನ್ನುವುದನ್ನು ಆಫ್ ಮಾಡಿ, ತಂತಿಯನ್ನು ಹೊರಗಿನ ನೆಟ್ಟಿಗೆ ಅಂತ ಇರುವ ವ್ಯಾನ್ ತೂತಿಗಲ್ಲ, ಮನೆಯೊಳಗಿನ ತಂತಿಗೆ ಅಂತ ಇರುವ ಲ್ಯಾನ್ ತೂತಿಗೆ ಸಿಕ್ಕಿಸಿದ ಮೇಲೆ ಎಲ್ಲ ಸರಿಹೋಯಿತು. ಈಗ ಹಿಂದಿನ ಕೋಣೆಯಲ್ಲಿ 90 ಬರುತ್ತಿದೆ.

ಇನ್ನು ನಮ್ಮ ಮನೆ. ಮೊದಲ ಕೆಲಸಕ್ಕೆ ಕಾಸು ಬೇಡ. ರೂಟರನ್ನು ಗಾಡ್ರೇಜ್ ಬೀರುವಿನ ಪಕ್ಕದಿಂದ ತೆಗೆಯಿರಿ. ಕಬ್ಬಿಣ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಒಳಬಾಗಿಲಿನ ಹತ್ತಿರ, ಆಳೆತ್ತರದಲ್ಲಿ ಒಂದು ಹಲಗೆ ಹೊಡೆದು ಇಡಿ. ಸರಿಸುವಾಗ ಕಂಬದಿಂದ ಬಂದ ಫೈಬರನ್ನು ಮಡಿಸಬೇಡಿ. ಒಳಗಿರುವುದು ಗಾಜಿನ ಎಳೆ, ದೊಡ್ಡ ಸುತ್ತಿನಲ್ಲೇ ತಿರುಗಬೇಕು. ಕಿತ್ತು ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಲೂ ಬೇಡಿ. ಅದರ ಬೆಳಕು ನಮಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಟ್ಟದ್ದು.

ಆಮೇಲೆ ಚಾವಡಿಯಿಂದ ಅಟ್ಟದ ಮೇಲೆ ಹಾಯಿಸಿ ಅಡುಗೆಮನೆ ಬಾಗಿಲವರೆಗೆ ತಂತಿ. ನಮ್ಮ ಜಂಬಿಟ್ಟಿಗೆ ಗೋಡೆ ಇಲ್ಲಿಯದಕ್ಕಿಂತ ಕಡಿಮೆ ಏನಿಲ್ಲ, ಹಾಗಾಗಿ ತಂತಿಯೇ ಗತಿ. ಅಟ್ಟದಲ್ಲಿ ಇಲಿ ಇವೆ, ಬರಿ ತಂತಿ ಬಿಟ್ಟರೆ ಒಂದು ಮಳೆಗಾಲವೂ ಉಳಿಯುವುದಿಲ್ಲ. ಪಿವಿಸಿ ಪೈಪಿನೊಳಗೆ ಹಾಕಿಸಿ. ಕರೆಂಟ್ ತಂತಿ ಇರುವ ಪೈಪಿನಲ್ಲಿ ಮಾತ್ರ ಬೇಡ. ಆ ತುದಿಗೆ ತಮ್ಮನ ಹಳೆಯ ರೂಟರ್ ಇಡಲಿ, ಹೊಗೆ ತಾಗದ ಜಾಗ ನೋಡಿ.

ಅಂಗಳದಾಚೆಯ ಅಡಿಕೆ ಮನೆಗೂ ಎಳೆಯೋಣ ಅಂತ ತಮ್ಮ ಹೇಳುತ್ತಿದ್ದ. ಬಯಲಿನಲ್ಲಿ ತಾಮ್ರದ ತಂತಿ ಬೇಡವೇ ಬೇಡ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಿಡಿಲು ಬಡಿದು ಲ್ಯಾಂಡ್‌ಲೈನ್ ಫೋನ್ ಕಪ್ಪಾಗಿದ್ದು ಇನ್ನೂ ಕಣ್ಣ ಮುಂದಿದೆ. ಅಲ್ಲಿಗೆ ಬೇಕೇ ಬೇಕಾದರೆ ಕಬ್ಬಿಣದ ಎಳೆ ಇಲ್ಲದ ಫೈಬರ್ ಹಾಕಬೇಕು, ಅದು ಮುಂದಿನ ವರ್ಷಕ್ಕೆ. ಈ ವರ್ಷ ಏಪ್ರಿಲ್, ಮೇ ಗುಡುಗು ಶುರುವಾದ ಕೂಡಲೇ ಎರಡೂ ರೂಟರಿನ ಪ್ಲಗ್ ಕಿತ್ತಿಡಿ. ಕರೆಂಟ್ ಹೋದಾಗ ನಡೆಯಲು ಸಣ್ಣ ಯುಪಿಎಸ್ ಸಿಗುತ್ತದೆ. ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಇದೆ ನೋಡಿ, ಸಾಮಾನ್ಯವಾಗಿ 12 ಇರುತ್ತದೆ, ಅಷ್ಟರದ್ದೇ ತರಬೇಕು.

ಇನ್ನೊಂದು ಮಾತು. ನಿಮ್ಮ ವೈಫೈ ಪಾಸ್‌ವರ್ಡ್ ಚಾವಡಿ ಕ್ಯಾಲೆಂಡರಿನ ಮೇಲೆ ಬರೆದಿದೆ ಅಂತ ಗೊತ್ತು. ಓದಿಕೊಳ್ಳಲು ಮನೆಗೆ ಬರುವ ಮಕ್ಕಳಿಗೆ ಇಲ್ಲ ಅನ್ನಲು ನಿಮಗಾಗುವುದಿಲ್ಲ, ಅನ್ನಬೇಡಿ ಕೂಡ. ಅವರಿಗೆ ಅಂತಲೇ ಬೇರೆ ಗೆಸ್ಟ್ ವೈಫೈ ಮಾಡಿ, ಅದರ ಪಾಸ್‌ವರ್ಡ್ ಕ್ಯಾಲೆಂಡರಿನಲ್ಲಿ ಬರೆಯಿರಿ. ನಿಮ್ಮ ಬ್ಯಾಂಕಿನ ವ್ಯವಹಾರ ನಡೆಯುವ ಫೋನ್ ಬೇರೆಯದರಲ್ಲಿರಲಿ. ರೂಟರಿನೊಳಗೆ ಹೋಗುವ ಪಾಸ್‌ವರ್ಡನ್ನೂ ತಮ್ಮ ಬದಲಾಯಿಸಲಿ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಬಾವಿ ಹಗ್ಗ ತಗೊಂಡು ಚಾವಡಿಯ ಒಳಬಾಗಿಲಿನಿಂದ ಅಟ್ಟ ಹತ್ತಿ, ಇಳಿದು, ಅಡುಗೆಮನೆ ಬಾಗಿಲವರೆಗೆ ಹಿಡಿದು ಗಂಟು ಹಾಕಿ, ಎಷ್ಟು ಮಾರು ಅಂತ ತಿಳಿಸಿ. ಅಟ್ಟಕ್ಕೆ ನೀವು ಹತ್ತಬೇಡಿ, ತೋಟಕ್ಕೆ ಬರುವ ಹುಡುಗರಿಗೆ ಹೇಳಿ. ಅದರ ಮೇಲೆ ಐದು ಮೀಟರ್ ಸೇರಿಸಿ ತಮ್ಮ ಶಿವಮೊಗ್ಗದಲ್ಲಿ ತಂತಿ ತರಲಿ. ದುಡ್ಡು ನಾನು ಕಳಿಸುತ್ತೇನೆ.

ಅಜ್ಜಿಗೆ ಹೇಳಿ, ಒಲೆ ಮುಂದಿನಿಂದ ಏಳುವುದು ಬೇಡ ಅಂತ. ಆ ಒಗ್ಗರಣೆ ನಾನಿನ್ನೂ ನೋಡಿಲ್ಲ.

ಇಂತಿ ನಿಮ್ಮ ಮಗಳು

ತಮ್ಮಾ, ಬಣ್ಣದ ಸಾಲು ಇಲ್ಲಿದೆ, ಎರಡೂ ತುದಿಗೆ ಇದೇ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಕನೆಕ್ಟರಿನ ಕೊಕ್ಕೆ ಕೆಳಗಿರಬೇಕು, ತೂತು ನಿನ್ನ ಕಡೆಗಿರಬೇಕು, ಎಡದಿಂದ ಎಣಿಸು. ಹತ್ತು ಕನೆಕ್ಟರ್ ಜಾಸ್ತಿಯೇ ತಗೋ.