ಬಳ್ಳಾರಿ ಜಾಲಿ ಒಲೆಗೆ ಬಾರದ ಕಟ್ಟಿಗೆಯಲ್ಲ

ಮಾನ್ಯ ಸಂಪಾದಕರೇ,

ಮದುವೆ, ಜಾತ್ರೆಗಳ ಅಡುಗೆಗೆ ಕಟ್ಟಿಗೆ ಕೊಳ್ಳಲು ಬಂದವರು ಬಳ್ಳಾರಿ ಜಾಲಿಯನ್ನು ಕಂಡೊಡನೆ, ಅದು ಬರೀ ಹೊಗೆಯ ಕಟ್ಟಿಗೆ ಎಂದು ಮುಖ ತಿರುಗಿಸುವುದನ್ನು ನಮ್ಮ ಕಲಬುರಗಿ ಭಾಗದ ಅಡ್ಡೆಗಳಲ್ಲಿ ನೋಡುತ್ತಿರುತ್ತೇನೆ. ಕೆರೆಯಂಗಳ, ಹೊಲದ ಬದು, ರಸ್ತೆಬದಿಗಳನ್ನೆಲ್ಲ ನುಂಗಿರುವ ಈ ಗಿಡದ ಮೇಲೆ ರೈತರಿಗಿರುವ ಸಿಟ್ಟು ನ್ಯಾಯವಾದದ್ದೇ. ದನಕುರಿಗಳು ಕಾಯಿ ತಿಂದು ಹಾಕಿದ ಸಗಣಿ, ಹಿಕ್ಕೆಯಲ್ಲೇ ಮೊಳೆತು ಹಬ್ಬುವ, ಕಡಿದರೂ ಬುಡದಿಂದ ಚಿಗುರುವ ಗಿಡವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಗಿಡದ ಮೇಲಿನ ಸಿಟ್ಟನ್ನು ಅದರ ಕಟ್ಟಿಗೆಯ ಮೇಲೆ ತೀರಿಸಿಕೊಳ್ಳಬೇಕಾಗಿಲ್ಲ.

ಚೆನ್ನಾಗಿ ಒಣಗಿದ ಯಾವ ಮರವಾದರೂ ಕಿಲೋ ಲೆಕ್ಕದಲ್ಲಿ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ, ಸುಮಾರು 4,000ದಿಂದ 5,000 ಕಿಲೋಕ್ಯಾಲರಿ. ವ್ಯತ್ಯಾಸವಿರುವುದು ಮರದ ಗಟ್ಟಿತನದಲ್ಲಿ. ನುಗ್ಗೆ, ಬೂರುಗದಂತಹ ಹಗುರ ಕಟ್ಟಿಗೆಯನ್ನು ಒಲೆ ತುಂಬ ತುರುಕಿದರೂ ಅದು ಬೇಗ ಉರಿದು ಬೂದಿಯಾಗುತ್ತದೆ, ಕೆಂಡ ನಿಲ್ಲುವುದಿಲ್ಲ. ಬಳ್ಳಾರಿ ಜಾಲಿಯಾದರೋ ಕರಿಜಾಲಿ, ಹುಣಸೆಗಳ ಸಾಲಿಗೆ ಸೇರುವ ಗಟ್ಟಿ ಮರ. ಗೋಧಿ ಹುಗ್ಗಿಯ ದೊಡ್ಡ ಪಾತ್ರೆಯ ಕೆಳಗೆ ಬಹಳ ಹೊತ್ತು ಉಳಿಯುವ ಕೆಂಡವನ್ನು ಅದು ಕೊಡುತ್ತದೆ. ಇದ್ದಿಲು ಸುಡುವವರು ಇದನ್ನೇ ಹುಡುಕಿಕೊಂಡು ಬರುವುದು ಸುಮ್ಮನೆ ಅಲ್ಲ. ಮನೆಯ ರೊಟ್ಟಿ ಹಂಚಿಗೆ ಮಾತ್ರ ಇಷ್ಟು ಗಟ್ಟಿ ಕಟ್ಟಿಗೆ ಬೇಡ. ಥಟ್ಟನೆ ಹೊತ್ತಿಕೊಳ್ಳುವ, ಉರಿಯನ್ನು ಬೇಕಾದಂತೆ ಏರಿಸಿ ಇಳಿಸಲು ಬರುವ ತೊಗರಿ ಕಟ್ಟಿಗೆಯೇ ಅದಕ್ಕೆ ಮೇಲು.

ಹಾಗಾದರೆ ಹೊಗೆಯ ದೂರು ಎಲ್ಲಿಂದ ಬಂತು? ಹಸಿತನದಿಂದ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರೇ ಇರುತ್ತದೆ. ಆ ನೀರು ಕಾಯ್ದು ಆವಿಯಾಗಲು ಪ್ರತಿ ಕಿಲೋ ನೀರಿಗೆ ಸುಮಾರು 600 ಕಿಲೋಕ್ಯಾಲರಿ ವ್ಯರ್ಥವಾಗುವುದಲ್ಲದೆ, ಉರಿ ತಣ್ಣಗಾಗಿ, ಪೂರ್ತಿ ಸುಡದೆ ಉಳಿದದ್ದು ಹೊಗೆಯಾಗಿ ಅಡುಗೆಯವರ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಕಟ್ಟಿಗೆ ಮಾರುವುದು ಕ್ವಿಂಟಲ್ ಲೆಕ್ಕದಲ್ಲಿ. ಹಸಿಯಿದ್ದಷ್ಟೂ ತೂಕ ಹೆಚ್ಚು ಬರುವುದರಿಂದ, ಒಣಗಿಸಿ ಮಾರುವ ವ್ಯಾಪಾರಿಗೇ ನಷ್ಟ. ದೋಷವಿರುವುದು ಈ ಪದ್ಧತಿಯಲ್ಲೇ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವವರು ಕಟ್ಟಿಗೆಯ ತುದಿಯನ್ನು ನೋಡಬೇಕು. ಒಣಗಿದ್ದರೆ ಅಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಸಡಿಲವಾಗಿರುತ್ತದೆ, ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಠಣ್ ಎನ್ನುತ್ತದೆ. ಹಸಿಯದು ಮಂಕಾಗಿ ಧಪ್ ಎನ್ನುತ್ತದೆ. ಹಳತಾದಷ್ಟೂ ಒಳ್ಳೆಯದು ಎಂಬ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ, ಏಕೆಂದರೆ ಜಾಲಿಗೆ ಹುಳು ಬೇಗ ಹತ್ತುತ್ತದೆ, ಹಿಟ್ಟು ಉದುರುವ ಕಟ್ಟಿಗೆಯಲ್ಲಿ ಸತ್ವ ಉಳಿದಿರುವುದಿಲ್ಲ. ಸೀಳಿ, ನೆಲಕ್ಕೆ ತಾಗದಂತೆ, ಗಾಳಿಯಾಡುವಂತೆ ಒಟ್ಟಿದರೆ 40 ಡಿಗ್ರಿ ದಾಟುವ ನಮ್ಮ ಒಂದು ಬೇಸಿಗೆ ಸಾಕು.

ಆದ್ದರಿಂದ ಅಡ್ಡೆಗಳಲ್ಲಿ ಹಸಿ ಮತ್ತು ಒಣ ಕಟ್ಟಿಗೆಯನ್ನು ಬೇರೆ ಬೇರೆ ಒಟ್ಟಿ, ಬೇರೆ ದರದ ಫಲಕ ಹಾಕುವಂತೆ ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳಬೇಕು. ಕೆರೆಯ ಹೂಳೆತ್ತುವಾಗ ಕಡಿದ ಜಾಲಿಯನ್ನು ಅಲ್ಲೇ ರಾಶಿ ಹಾಕಿ ಸುಟ್ಟುಬಿಡದೆ, ದಪ್ಪ ಕಾಂಡಗಳನ್ನಾದರೂ ಬೇರ್ಪಡಿಸಿ ಮಳೆಗಾಲಕ್ಕೆ ಮುಂಚೆ ಒಣಗಿಸಿ ಹರಾಜು ಹಾಕುವ ಬಗ್ಗೆ ಗ್ರಾಮ ಪಂಚಾಯಿತಿಗಳು ಯೋಚಿಸಲಿ.

– ಓರ್ವ ಓದುಗ, ಚಿತ್ತಾಪುರ, ಕಲಬುರಗಿ ಜಿಲ್ಲೆ